ಎಂಜಲಾಗದ ಬೇರು

ಮದ್ದು ಅರೆಯುವಾಗ ಚಿಕ್ಕನಿಂಗಮ್ಮ ಸೆರಗನ್ನು ಬಾಯಿಗೆ ಕಟ್ಟಿಕೊಳ್ಳುತ್ತಿದ್ದಳು. ಅರೆಯುವವರ ಉಸಿರು ಕೂಡ ಮದ್ದಿಗೆ ತಾಗಬಾರದು. ಇನ್ನು ನಾಲಿಗೆಗೆ ಸೋಕಿತೋ, ಅದು ಎಂಜಲು, ಅದರ ಶಕ್ತಿ ಅಲ್ಲಿಗೆ ಮುಗಿಯಿತು. ಇದು ಅವಳ ತವರಿನ ಕಟ್ಟಳೆ. ಬೇಗೂರಲ್ಲಿ ಅವಳಿಗೆ ಎದುರು ಹೇಳುವ ಎದೆ ಯಾರಿಗೂ ಇರಲಿಲ್ಲ, ಯಾಕೆಂದರೆ ಅವಳ ಹಿರಿಮಗ ಸೋಮಯ್ಯ ಎಲ್ಲರ ಕಣ್ಣೆದುರಿಗೇ ಓಡಾಡಿಕೊಂಡಿದ್ದ.

ಮದುವೆಯಾದ ಮರುವರ್ಷ ಸೋಮಯ್ಯನ ತಲೆ ಕೆಟ್ಟಿತ್ತು. ಕುಡುಗೋಲು ಹಿಡಿದು ಎತ್ತುಗಳ ಮೇಲೆ ಹೋದವನನ್ನು ಕಂಬಕ್ಕೆ ಕಟ್ಟಬೇಕಾಯಿತು. ಆ ಕಂಬದಿಂದ ಅವನನ್ನು ಬಿಡಿಸಿದ್ದು ಹಿತ್ತಲಿನ ಸರ್ಪಗಂಧಿ. ಚಿಕ್ಕನಿಂಗಮ್ಮನ ತಾಯಿ ಮದ್ದೂರು ಕಾಡಿನಿಂದ ತಂದ ಬೇರಿನ ತುಂಡು ಚಿಗುರಿ ಆದ ಗಿಡ ಅದು. ಪಕ್ಕದ ಬೇರನ್ನಷ್ಟೇ ಕೆದಕಿ, ಅವನ ಕಿರುಬೆರಳಿನ ಒಂದು ಗೆಣ್ಣಿನಷ್ಟು ಕತ್ತರಿಸಿ, ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಸೋಮಯ್ಯ ಉಳುತ್ತಿದ್ದ, ಹೆಂಡತಿ ಮಲ್ಲಾಜಮ್ಮನನ್ನು ಗೋಳುಹುಯ್ದುಕೊಳ್ಳುತ್ತಿದ್ದ, ಅವಳು ಸಿಡುಕಿದರೆ ನಗುತ್ತಿದ್ದ. ಆ ನಗುವೊಂದು ಉಳಿದರೆ ಮಲ್ಲಾಜಮ್ಮನಿಗೆ ಬೇರೇನೂ ಬೇಕಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೈದರ ಸುಮಾರಿಗೆ ಆ ಬೇರಿಗೆ ಸಿಕ್ಕಾಪಟ್ಟೆ ಬೆಲೆ ಬಂತು. ಪರದೇಶದವರು ಅದರಿಂದ ಮಾತ್ರೆ ಮಾಡುತ್ತಾರಂತೆ. ಚಾಮರಾಜನಗರದ ವ್ಯಾಪಾರಿ ವೃಷಭೇಂದ್ರಪ್ಪ ಗೋಣಿಚೀಲ ಹೊರಿಸಿಕೊಂಡು ಬೇಗೂರಿಗೂ ಬಂದ. ಪ್ರತಿ ಬೇರನ್ನೂ ಕಡಿದು, ಅಗಿದು, ಉಗಿದು ಕೊಳ್ಳುವುದು ಅವನ ರೀತಿ. ಚಿಕ್ಕನಿಂಗಮ್ಮನ ಹಿತ್ತಲ ಬೇರು ಕಡಿದವನೇ ಮುಖ ಕಿವುಚಿ, ಕಣ್ಣಲ್ಲಿ ನೀರು ತಂದುಕೊಂಡು ನಕ್ಕ.

"ಇಂಥ ಕಹಿ ಕಂಡೇ ಇಲ್ಲ! ನೋಡೋಕೆ ಎಲ್ಲಾ ಗಿಡವೂ ಒಂದೇ ಕಣಮ್ಮ, ಸತ್ವ ಬೇರೆ ಬೇರೆ. ಕಡಿದೇ ತಿಳೀಬೇಕು."

"ಮದ್ದನ್ನ ಎಂಜ್ಲು ಮಾಡ್ಬುಟ್ಯಲ್ಲೋ!" ಎಂದು ಮುದುಕಿ ಹಾರಾಡಿದಳು.

ಆದರೆ ಕಿರಿಮಗ ಮಾರಯ್ಯನ ಬಾಯಲ್ಲಿ ಆಗಲೇ ನೀರೂರಿತ್ತು. "ಬುಡವ್ವ. ಬೀಜ ಬಿದ್ದು ಎರಡು ಮರಿ ಎದ್ದವೆ. ಅದೇ ಎಲೆ, ಅದೇ ಹೂವು. ತಾಯಿ ಹೋದ್ರೆ ಮಕ್ಳಿಲ್ವಾ?"

ಚಿಕ್ಕನಿಂಗಮ್ಮ ಬಗ್ಗಿ ಎಲೆ ನೋಡಿದಳು, ಕೆಂಪು ತೊಟ್ಟಿನ ಹೂ ನೋಡಿದಳು, ತಲೆಯಾಡಿಸಿದಳು. ತಾಯಿಗಿಡ ಬುಡಸಮೇತ ಚೀಲ ಸೇರಿತು. ಒಂದೇ ಹೊಟ್ಟೆಯಲ್ಲಿ ಸೋಮಯ್ಯನನ್ನೂ ಮಾರಯ್ಯನನ್ನೂ ಹೆತ್ತವಳು! ಒಂದು ತಾಯಿಯ ಬೀಜವೆಲ್ಲ ಒಂದೇ ಗುಣದ್ದಲ್ಲ ಎಂದು ಅವಳಿಗಾದರೂ ಹೊಳೆಯಬೇಡವೇ? ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲ ಮರಿಯ ಬೇರನ್ನು ಎಂದಿನ ಅಳತೆಯಲ್ಲೇ ಕೊಟ್ಟರು.

"ಇದು ಕಹಿನೇ ಇಲ್ವಲ್ಲಮ್ಮಿ," ಎಂದ ಸೋಮಯ್ಯ. ಹುಚ್ಚು ಹಿಡಿದಿದ್ದವನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಬರಬರುತ್ತಾ ಅವನ ನಿದ್ದೆ ಹಾರಿತು, ಕಣ್ಣು ಕೆಂಪಾಯಿತು, ಗೋಡೆಯ ಜೊತೆ ಮಾತು ಶುರುವಾಯಿತು. ಮಾರಯ್ಯ ಹಗ್ಗ ಹುಡುಕತೊಡಗಿದ. ಮಲ್ಲಾಜಮ್ಮ ಅತ್ತೆಯ ಹತ್ತಿರ ಓಡಿದಳು. "ಅತ್ತೆಮ್ಮ, ಆ ವ್ಯಾಪಾರಿ ಅಂಗೆ ಒಂದ್ಸಲ ಕಡ್ದು ನೋಡನ," ಎಂದಳು.

"ಗಂಡನ್ನ ಕೊಲ್ಬೇಕೂಂತ ಇದ್ದೀಯೇನಮ್ಮಿ? ಅಳತೆ ಜಾಸ್ತಿ ಮಾಡು, ಸಾಕು."

ಗೆಣ್ಣಿನಷ್ಟಿದ್ದದ್ದು ಬೆರಳಾಯಿತು, ಎರಡು ಬೆರಳಾಯಿತು. ಆಗ ಸೋಮಯ್ಯ ತಣ್ಣಗಾದ. ಒಂದು ಬೆಳಿಗ್ಗೆ ಅವಳ ಜಡೆ ಎಳೆದು ನಕ್ಕ. ಮಲ್ಲಾಜಮ್ಮ ಅಡುಗೆಮನೆಗೆ ಓಡಿಹೋಗಿ ಅತ್ತಳು, ಸಂತೋಷಕ್ಕೆ.

ಆ ಮರಿಯ ಬೇರು ಬೇಗ ಮುಗಿಯಿತು. ಎರಡನೆಯದನ್ನು ಕೆದಕಿದರು. ಅದೇ ಎಲೆ, ಅದೇ ಹೂವು. ಅಳತೆ ಎರಡು ಬೆರಳು.

ಸೋಮಯ್ಯ ಒಂದು ಗುಟುಕು ಕುಡಿದು ಮುಖ ಕಿವುಚಿದ. ಕಣ್ಣಲ್ಲಿ ನೀರು ಬಂತು. "ಇವತ್ತು ಬಲೇ ಕಹಿ ಕಣಮ್ಮಿ. ಬ್ಯಾಡ."

"ಅಂದು ಕಹಿ ಇಲ್ಲ ಅಂದ್ರಿ, ಇವತ್ತು ಕಹಿ ಅಂತೀರ. ಕುಡೀರಿ," ಎಂದು ಮಲ್ಲಾಜಮ್ಮ ನಕ್ಕು, ಬೆಲ್ಲದ ಚೂರು ತೋರಿಸಿ ಪುಸಲಾಯಿಸಿದಳು. ಅವಳ ಮಾತು ಮೀರಲಾರದೆ ಅವನು ಲೋಟ ಬರಿದು ಮಾಡಿದ. ಮರುದಿನವೂ, ಅದರ ಮರುದಿನವೂ.

ಆಮೇಲೆ ಅವನು ಏಳಲಿಲ್ಲ. ಮೈ ತಣ್ಣಗಿತ್ತು, ನಾಡಿ ಹುಡುಕಿದರೂ ಸಿಗುತ್ತಿರಲಿಲ್ಲ. ಗಾಡಿ ಕಟ್ಟಿ ಗುಂಡ್ಲುಪೇಟೆ ಆಸ್ಪತ್ರೆಗೆ ಹೊರಟರು. ಆಸ್ಪತ್ರೆ ತಲುಪುವ ಮುಂಚೆಯೇ ಮಲ್ಲಾಜಮ್ಮನ ತೊಡೆಯ ಮೇಲೆ ಅವನ ತಲೆ ಒಂದು ಕಡೆ ವಾಲಿತು.

ಮಣ್ಣು ಮಾಡಿ ಬಂದ ಮೇಲೆ ಅವಳು ನೇರ ಹಿತ್ತಲಿಗೆ ಹೋದಳು. ಒರಳಿನ ಹತ್ತಿರ ಬಿದ್ದಿದ್ದ ಮೊದಲ ಮರಿಯ ಚೂರನ್ನು ಅಗಿದಳು. ಒಣಹುಲ್ಲು ಅಗಿದ ಹಾಗಿತ್ತು. ಎರಡನೆಯದರ ಬೇರು ಕಿತ್ತು ಕಡಿದಳು. ನಾಲಿಗೆ ಸೆಟೆದುಕೊಂಡಿತು, ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ಗಂಡನ ಮುಖ ಹೀಗೆಯೇ ಆಗಿತ್ತು.

ಕಡಿದ ಬೇರನ್ನು ತಂದು ಅತ್ತೆಯ ಮುಂದೆ ಹಿಡಿದಳು.

"ಅಗ್ದು ನೋಡಿ ಅತ್ತೆಮ್ಮ. ಎಂಜ್ಲಾಗ್ಲಿ. ಕುಡಿಯೋರು ಇನ್ಯಾರವ್ರೆ?"

ಚಿಕ್ಕನಿಂಗಮ್ಮ ಬೇರನ್ನು ನೋಡಿದಳು. ಅವಳ ಕೈ ತಾನಾಗಿ ಸೆರಗನ್ನು ಎಳೆದು ಬಾಯಿಗೆ ಒತ್ತಿಕೊಂಡಿತು.