ಸುಮ್ಮನೆ ಕೂರುವ ಕೆಲಸ

“ಏಯ್ ಮುದಿಯಾ, ಕೈಗೇನು ಕಜ್ಜಿನಾ? ಕೂತ್ಕೊ ಅಂದ್ರೆ ಸುಮ್ನೆ ಕೂತ್ಕೊಳ್ಳೋಕಾಗಲ್ವಾ, ಬೋಳಿಮಗನೆ!”

ರಟ್ಟಿನ ಚೂರು ಗುಡಿಸುತ್ತಿದ್ದ ನನ್ನ ಪೊರಕೆಯನ್ನು ಮೇಸ್ತ್ರಿ ಕಿತ್ತುಕೊಂಡ. ಈ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೂತದ್ದಕ್ಕೆ ಬೈಸಿಕೊಂಡೇ ನನ್ನ ತಲೆ ನೆರೆತಿತ್ತು. ಕೂರಲಿಲ್ಲವೆಂದು ಬೈಸಿಕೊಂಡದ್ದು ಅದೇ ಮೊದಲು.

ಬೆಳಗಿನಿಂದ ಓಡುತ್ತಿದ್ದ ಯಂತ್ರಗಳನ್ನು ಈಗಷ್ಟೇ ನಿಲ್ಲಿಸಿದ್ದರು. ಗಿರಾಕಿಗಳಿಗೆ ಕಳಿಸಲು ಮಾಡಿಟ್ಟ ಪೆಟ್ಟಿಗೆಗಳನ್ನೆಲ್ಲ ನಮ್ಮ ಕೈಯಲ್ಲೇ ಹಿಂದಿನ ಶೆಡ್ಡಿಗೆ ಹೊರಿಸಿ ಬೀಗ ಜಡಿದಿದ್ದರು. ವ್ಯಾಪಾರ ಏರಿದೆಯೋ ಇಳಿದಿದೆಯೋ ನೋಡಿ ಬರೆಯುವ ಸರ್ಕಾರದ ಸಾಹೇಬರು ಬರುವವರಿದ್ದರು. ಪೆಟ್ಟಿಗೆಗೆ ಗಿರಾಕಿ ಇಲ್ಲವೆಂದರೆ ಅದರೊಳಗೆ ತುಂಬುವ ಸರಕಿಗೂ ಗಿರಾಕಿ ಇಲ್ಲ ಎಂಬುದು ಅವರ ಲೆಕ್ಕವಂತೆ. ಇಳಿದಿದೆ ಎಂದು ಅವರು ಬರೆದರೆ ಅರ್ಧ ಆಳುಗಳನ್ನು ಬಿಡಿಸಲು ಧಣಿಗೆ ಅಪ್ಪಣೆ ಸಿಗುತ್ತದೆ. ಮೊದಲು ಹೋಗುವವಳು ನನ್ನ ಸೊಸೆ, ತುಂಬಿದ ಬಸುರಿ.

ಹಿಂದಿನ ಸಲದ ಇಳಿತದಲ್ಲಿ ನನ್ನ ಹೆಂಡತಿಯನ್ನು ಹೀಗೆಯೇ ಬಿಡಿಸಿದ್ದರು. ವ್ಯಾಪಾರ ಏರಿದ ಮೇಲೆ ಯಾರೂ ಕರೆಯಲಿಲ್ಲ. ಆ ಸಲವೂ ಹಿಂದಿನ ಶೆಡ್ಡಿಗೆ ಬೀಗ ಬಿದ್ದಿತ್ತೇ ಎಂದು ನೆನಪು ಕೆದಕುತ್ತ ಕೂತೆ. ಬಿದ್ದಿತ್ತು.

“ಯಾರಾದ್ರೂ ಸ್ವಲ್ಪ ಆಕಳಿಸ್ರೋ,” ಮೇಸ್ತ್ರಿ ಪಿಸುಗುಟ್ಟಿದ.

“ಆಕಳಿಕೆಗೂ ಕೂಲಿ ಕೊಡ್ತೀಯೇನಣ್ಣ?” ಸೊಸೆ ಕೇಳಿದಳು.

“ಬಾಯ್ಮುಚ್ಚೇ, ಬಜಾರಿ.”

ಸಾಹೇಬರು ಒಳಗೆ ಬಂದರು. ಧಣಿ ಹೆಣದ ಮನೆಯವನ ಹಾಗೆ ಮುಖ ಬಾಡಿಸಿಕೊಂಡಿದ್ದ. “ನೋಡಿ ಸಾರ್, ನೊಣ ಹೊಡೀತಾ ಕೂತಿದಾರೆ. ಎಷ್ಟು ದಿನ ಸಾಕಲಿ?”

“ವ್ಯಾಪಾರ ಅಂದ್ರೆ ಅಲೆ ಇದ್ದ ಹಾಗೆ. ಕೆಳಗೆ ಹೋದದ್ದು ಮೇಲೆ ಬಂದೇ ಬರುತ್ತೆ,” ಎನ್ನುತ್ತ ಸಾಹೇಬರು ಬರೆಯತೊಡಗಿದರು.

“ನಮ್ಮತ್ತೆ ಬರ್ಲಿಲ್ವಲ್ಲ ಸಾರ್?”

ಸೊಸೆ ಎದ್ದಿದ್ದಳು. ಮೇಸ್ತ್ರಿ ರಟ್ಟೆ ಹಿಡಿದ. ಕೊಸರಿಕೊಂಡು ಹೋಗಿ ಸಾಹೇಬರ ಮಣಿಕಟ್ಟು ಹಿಡಿದವಳೇ ಅವರ ಅಂಗೈಯನ್ನು ಅಂಟು ಕಾಯಿಸುವ ಹಂಡೆಗೆ ಒತ್ತಿದಳು. “ಬರೀರಿ, ಅದಕ್ಕೆ ಮೊದ್ಲು ಇದನ್ನ ಮುಟ್ಟಿ ನೋಡಿ.”

ಸಾಹೇಬರು ಹಾ ಎಂದು ಕೈ ಎಳೆದುಕೊಂಡರು. ಕೆಂಪಾದ ಅಂಗೈ ನೋಡಿಕೊಂಡರು, ಆಮೇಲೆ ಧಣಿಯ ಮುಖ ನೋಡಿದರು. ಧಣಿ ಕಣ್ಣು ತಪ್ಪಿಸಲಿಲ್ಲ. ಸಾಹೇಬರು ಕರ್ಚೀಫಿನಿಂದ ಕೈ ಒರೆಸಿಕೊಂಡು, “ಬಿಸಿಲಿಗೆ ಕಾದಿರಬೇಕು,” ಎಂದರು.

ನಾವು ಕೂತಿದ್ದ ಆ ಜಾಗದೊಳಗೆ ಬಿಸಿಲು ಬಿದ್ದದ್ದನ್ನು ನಾನು ಕಂಡಿಲ್ಲ.

ಗೋಡೆ ಹಿಡಿದು ಎದ್ದೆ. ಮೇಸ್ತ್ರಿಗೆ ನನ್ನ ಮೇಲೆ ಕಣ್ಣಿರಲಿಲ್ಲ. ಎದುರಾಡದ ಮುದುಕನ ಮೇಲೆ ಯಾರಿಗೆ ಕಣ್ಣಿರುತ್ತದೆ? ದೊಡ್ಡ ಸ್ವಿಚ್ಚನ್ನು ಎರಡೂ ಕೈಯಿಂದ ಮೇಲಕ್ಕೆತ್ತಿದೆ. ನೆಲ ನಡುಗಿತು, ಯಂತ್ರಗಳು ಒಟ್ಟಿಗೆ ಹೂಂಕರಿಸಿದವು. ಕೂತವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಜಾಗಕ್ಕೆ ನಡೆದರು. ಧಣಿಯ ಬಾಯಿ ಆಡುತ್ತಿತ್ತು, ಸಾಹೇಬರ ಬಾಯಿಯೂ ಆಡುತ್ತಿತ್ತು. ಆ ಸದ್ದಿನಲ್ಲಿ ನಮಗೇನೂ ಕೇಳಿಸಲಿಲ್ಲ.