ತಕ್ಕಡಿ ಎಂಬ ಅಡ್ಡಹೆಸರು

ನಮ್ಮ ಬೀದಿಯ ತಕ್ಕಡಿಯವರು ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಕಾಲಿನಲ್ಲಿ ದೋಷವೇನೂ ಇರಲಿಲ್ಲ, ಅಂಗಡಿಗಳ ತಕ್ಕಡಿ ಸರಿಪಡಿಸುವ ಮನೆತನದ ವೃತ್ತಿಗೆ ಬೇಕಾದ ಹಿತ್ತಾಳೆಯ ತೂಕದ ಬಟ್ಟುಗಳೆಲ್ಲ ಅವರ ಮಾಸಿದ ಕೋಟಿನ ಬಲಜೇಬಿನಲ್ಲಿದ್ದವು, ಎಡಜೇಬು ಎಂದೋ ಹರಿದುಹೋಗಿತ್ತು, ಹೊಲಿಸಿಕೊಳ್ಳಿ ಎಂದವರಿಗೆಲ್ಲ ಅವರ ಉತ್ತರ ಒಂದೇ: "ತೂಗಿ ನೋಡೋಣ."

ಅವರ ನಾಯಿಯೂ ಬಲಕ್ಕೇ ವಾಲುತ್ತಿತ್ತು. ಮರಿಯಾಗಿದ್ದಾಗ ಗಾಡಿಯ ಚಕ್ರಕ್ಕೆ ಸಿಕ್ಕಿ ಮುಂಗಾಲು ಊನವಾಗಿತ್ತು. ಇಷ್ಟನ್ನೇ ಹಿಡಿದುಕೊಂಡು, ಅದಕ್ಕೆ 'ತಕ್ಕಡಿ' ಎಂಬ ಹೆಸರು ನಡಿಗೆಯಿಂದ ಬಂತೆಂದು ಇಂದಿನವರು ನಗುತ್ತ ಹೇಳುತ್ತಾರೆ. ಶುದ್ಧ ಸುಳ್ಳು! ಕಣ್ಣಾರೆ ಕಂಡವನು ಇನ್ನೂ ಬದುಕಿರುವಾಗಲೇ ಇಂಥ ಮಾತು ಹಬ್ಬುವುದನ್ನು ನಾನು ಸಹಿಸಲಾರೆ.

ಆ ಮನೆಯಲ್ಲಿದ್ದವರು ಅಣ್ಣ, ತಂಗಿ ಇಬ್ಬರೇ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ತಮ್ಮೊಂದಿಗೆ ಮನೆತನದ ಹೆಸರೂ ಅಳಿಸಿಹೋಗುತ್ತದೆಂಬ ಕೊರಗು ಅಣ್ಣನನ್ನು ಒಳಗೊಳಗೇ ತಿನ್ನುತ್ತಿತ್ತು. ಒಂದು ಸಂಜೆ ನಾನು ಅವರ ಮೆಟ್ಟಿಲ ಮೇಲೆ ಕುಳಿತಿದ್ದಾಗ, ಮರಿಯನ್ನು ಮಡಿಲಿಗೆಳೆದುಕೊಂಡು ತಂಗಿಯನ್ನು ಕೇಳಿದರು:

"ಇದಕ್ಕೊಂದು ಅಡ್ಡಹೆಸರು ಕೊಡ್ಲೇನೇ?"

"ಕೊಡಣ್ಣ. ಅದಕ್ಕೂ ನನ್ನ ಅಪ್ಪಣೆ ಬೇಕಾ?"

ಗುಂಡ, ಕುಳ್ಳ ಎಂದು ಛೇಡಿಸುವ ಅಡ್ಡಹೆಸರೆಂದು ಆಕೆ ಎಣಿಸಿದ್ದಳು. ಮನೆತನದ ಹೆಸರನ್ನೂ ಅಡ್ಡಹೆಸರೆನ್ನುತ್ತಾರೆಂಬುದು ಹೊಳೆದಿರಲಿಲ್ಲ. ಮರುದಿನ ಅಣ್ಣ ಬಾಗಿಲಲ್ಲಿ ನಿಂತು "ತಕ್ಕಡೀ" ಎಂದು ಕೂಗಿದಾಗ, ಸೌಟು ಹಿಡಿದೇ ಓಡಿಬಂದಳು.

"ಅಪ್ಪ, ತಾತ ಇಟ್ಕೊಂಡಿದ್ದ ಹೆಸರು ನಾಯಿಗಾ? ತಲೆ ನೆಟ್ಟಗಿದೆಯಾ ನಿಂಗೆ?"

"ನೀನೇ ಒಪ್ಪಿದ್ದಲ್ವಾ?"

"ನಾನು ಒಪ್ಪಿದ್ದು ಬೇರೆ ಅಡ್ಡಹೆಸರಿಗೆ!"

"ನಾನು ತೂಗಿ ನೋಡಿಯೇ ಕೊಟ್ಟಿದ್ದು" ಎಂದು ಅವರು ಕೋಟು ಏರಿಸಿ ಹೊರಟೇಬಿಟ್ಟರು, ಹಿಂದೆ ಮರಿ. ಎರಡು ಜೀವಗಳೂ ಒಂದೇ ಕಡೆಗೆ ವಾಲಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾದ ಆ ನೋಟ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅಣ್ಣ ಇರುವವರೆಗೂ ಆಕೆ ನಾಯಿಯನ್ನು 'ಏಯ್' ಎಂದಷ್ಟೇ ಕರೆದಳು. ಅವರು ತೀರಿಕೊಂಡ ಮೇಲೆ ನಾಯಿ ಅದೇ ತಿರುವಿಗೆ ಹೋಗಿ ಅವರ ದಾರಿ ಕಾಯುತ್ತ ಕುಳಿತಿತು. ಆಕೆ "ಏಯ್" ಎಂದಳು, ಕದಲಲಿಲ್ಲ. ಗದರಿದಳು, ಕಿವಿಯೂ ಅಲುಗಲಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ಕರೆದಳು: "ತಕ್ಕಡೀ, ಮನೆಗೆ ಬಾರೋ."

ಅದು ಎದ್ದು, ವಾಲುತ್ತ ಬಂತು.

ಇಂಥವರು ಲೋಕದ ಕಣ್ಣಿಗೆ ವಿಕ್ಷಿಪ್ತರು. ವಂಶವೆಂಬುದು ರಕ್ತದಲ್ಲಿ ಹರಿಯುತ್ತದೆಂದು ನಾವೆಲ್ಲ ನಂಬಿರುವಾಗ, ಕರೆಯುವ ಒಂದು ದನಿ, ಓಗೊಡುವ ಒಂದು ಜೀವ ಇದ್ದರೆ ಸಾಕೆಂದು ಅವರು ಸದ್ದಿಲ್ಲದೆ ತೀರ್ಮಾನಿಸಿರುತ್ತಾರೆ. ಅದನ್ನೂ ತೂಗಿ ನೋಡಿಯೇ.