ಉಗುರು ಹೋಗದ ಫರಸಿ

ಕರ್ ಕರ್ ಕರ್, ರೈಲಿನ ಸಾಹೇಬರು ತಗಡಿನ ಇಂಜಿನ್ ಅಂಗಾತ ಹಿಡಿದು ಕೀಲಿ ಕೊಡುತ್ತಿದ್ದಾರೆ, ಗಾಲಿಗಳು ನನ್ನ ಮೂಗಿನ ಮುಂದೆಯೇ ತಿರುಗುತ್ತಿವೆ, ಒಂದೊಂದಕ್ಕೂ ಒಳಮಗ್ಗುಲಲ್ಲಿ ಚಾಚಿದ ಅಂಚು, ತುಟಿ — ಮಿಸ್ತ್ರಿ ವಿಠೋಬಾ, ಸತ್ತೆಯಲ್ಲೋ ನೀನು, ನಿಜವಾಗಿಯೂ ತುಟಿ ಇದೆ, ಹೆಂಡತಿ ತುಳಜಾಬಾಯಿ ನಿನ್ನೆ ಸಂಜೆ ಹೇಳಿದ್ದಳು, ಗಾಲಿಗಿ ಒಳಗ ತುಟಿ ಇರ್ತದರಿ, ರೈಲಿನ ಡಬ್ಬಿ ನೆರಳಿನ್ಯಾಗ ಕುಂತು ದಿನಾ ನೋಡ್ತೀನಿ, ಆ ತುಟಿ ಇಳಿಯಾಕ ಹಳಿ ಮಗ್ಗಲಕ ಜರಾ ಸಂದು ಬಿಡ್ರಿ. ಫರಸಿ ಹಾಕಾಂವ ನಾನೋ ನೀನೋ ಎಂದು ಗದರಿದವನು ನಾನು, ಹಳಿಗೂ ಕಲ್ಲಿಗೂ ನಡುವೆ ಉಳಿದಿದ್ದ ಎಳೆಯಷ್ಟು ಜಾಗಕ್ಕೂ ಸುಣ್ಣದ ಗಾರೆ ತುಂಬಿ ನುಣ್ಣಗೆ ತೀಡಿದವನೂ ನಾನೇ. ಸಂದು ಬಿಡುವುದಂತೆ, ನಾನಂತೆ. ಹೆಣ್ಣು ಕೊಡುವ ಮೊದಲು ಮಾವ ದಶರಥಪ್ಪ ನಾನು ಹಾಸಿದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಲ್ಲು ಕಲ್ಲಿನ ನಡುವೆ ಕಿರುಬೆರಳಿನ ಉಗುರು ತೂರಿಸಲು ನೋಡಿದ, ಹೋಗಲಿಲ್ಲ, ಅದೊಂದಕ್ಕೇ ಮಗಳನ್ನು ಕೊಟ್ಟ. ಆ ಮಗಳು ಹದಿನಾಲ್ಕು ವರ್ಷದಿಂದ ತಾಂಡೂರಿನ ಕಲ್ಲು ತಲೆಯ ಮೇಲೆ ಹೊತ್ತು ಸ್ಟೇಷನ್ನಿಗೆ ಸಾಗಿಸಿ ಈಗ ಕತ್ತು ತಿರುಗದೆ, ಕರೆದರೆ ಮೈಯನ್ನೇ ತಿರುಗಿಸಿ ನೋಡುತ್ತಾಳೆ, ನನ್ನ ಎದೆ ಹಿಂಡುತ್ತದೆ, ಹೇಳುವುದಿಲ್ಲ, ಹೇಳಿದರೆ ನಗುತ್ತಾಳೆ. ಬಜಾರಿನ ಬೀದಿಯಲ್ಲಿ ಟಾಂಗಾ ಎಡವದಂತೆ ಹಳಿ ಹೂಳಬಹುದು ಎಂದು ಮಾಡಿ ತೋರಿಸಿದರೆ ಕಲ್ಲಿನ ಅಂಗಳದ ತನಕ ರೈಲು ಬರುತ್ತದೆ, ಹೊರುವುದು ತಪ್ಪುತ್ತದೆ, ಸಾಹೇಬರು ಒಪ್ಪಬೇಕು ಅಷ್ಟೇ — ಅದಕ್ಕೇ ಎರಡು ತಿಂಗಳು ಹಳೆಯ ಕದದ ಮೇಲೆ ಇಡೀ ಬೀದಿ ಪುಟ್ಟದಾಗಿ ಕಟ್ಟಿದೆ, ಅಡಿಕೆ ಹೋಳಿನಷ್ಟು ಫರಸಿಕಲ್ಲು, ಚರಂಡಿ, ಟಾಂಗಾ, ಕುದುರೆಯ ಲದ್ದಿ ಸಹಿತ, ಲದ್ದಿ ಕಂಡು ಸಾಹೇಬರು ನಕ್ಕರು, ಇನ್ನು ಇಂಜಿನ್ ಗಾರೆಯ ಮೇಲೆ ಹತ್ತಿ ಚರಂಡಿಗೆ ಬಿದ್ದಾಗ ಊರೇ ನಗುತ್ತದೆ.

ರಾತ್ರಿಯಿಡೀ ಗಾರೆಯ ಮೇಲೆ ಹೊದಿಸಿದ್ದ ಹಸಿ ಗೋಣಿತಟ್ಟು ತೆಗೆದದ್ದು ಈಗಷ್ಟೇ, ನಾನು ಬೀದಿ ನೋಡಲಿಲ್ಲ, ಸಾಹೇಬರ ಮುಖ ನೋಡುತ್ತಿದ್ದೆ. ಬಿಟ್ಟೇಬಿಟ್ಟರು, ಹೊರಟಿತು, ಕಣ್ಣು ಮುಚ್ಚಿದೆ, ಟಿಕ್ ಟಿಕ್ ಟಿಕ್, ಮಸೀದಿಯ ಮೂಲೆ ದಾಟಿರಬೇಕು, ಬೆಳಗ್ಗೆ ರೊಟ್ಟಿ ಬಡಿಸುವಾಗ ಅವಳ ಕಿರುಬೆರಳಿನ ಉಗುರಲ್ಲಿ ಬಿಳಿ ಕಂಡಿತ್ತು, ಎದ್ದ ಕೂಡಲೇ ಎಲೆಗೆ ಸುಣ್ಣ ಹಚ್ಚಿದೆಯಾ ಎಂದು ಬೈದೆ, ಇನ್ನೊಂದು ರೊಟ್ಟಿ ಹಾಕಿದಳು, ಟಿಕ್ ಟಿಕ್, ಬೀಳಲಿಲ್ಲವೇ — ಕಣ್ಣು ಬಿಟ್ಟರೆ ಇಂಜಿನ್ ಆ ಪುಟ್ಟ ಬೀದಿಯ ತುದಿಗೆ, ಕಲ್ಲಿನ ಅಂಗಳದ ಬಾಗಿಲಲ್ಲಿ ನಿಂತಿದೆ, ಎರಡೂ ಹಳಿಗಳ ಒಳಮಗ್ಗುಲಿಗೆ ಉದ್ದಕ್ಕೂ ಕಪ್ಪು ಗೀರಿನಂಥ ಸಂದು, ನನ್ನ ಗಾರೆ ಎಲ್ಲಿ, ಯಾವನು ನನ್ನ ಕೆಲಸ ಕೆಡಿಸಿದವನು. ಶಾಬಾಸ್ ಮಿಸ್ತ್ರಿ, ಎಂದರು ಸಾಹೇಬರು, ಕಲ್ಲು ಎಲ್ಲಾರೂ ಹಾಸ್ತಾರ, ಈ ಸಂದು ಬಿಟ್ಟಿಯಲ್ಲ, ಇದಕ್ಕ ಮಂಜೂರ್, ಯಾರು ಹೇಳಿಕೊಟ್ಟರು ನಿನಗ. ಯಾರೂ ಇಲ್ರಿ ಹುಜೂರ್, ನನ್ನದೇ ತಲಿ, ಎಂದುಬಿಟ್ಟಿತು ನನ್ನ ಬಾಯಿ, ಎಂದ ಮೇಲೆ ಬಾಗಿಲ ಕಡೆ ನೋಡಿದೆ, ಹೊರುವ ಹೆಂಗಸರ ನಡುವೆ ಅವಳು ಮೈಯನ್ನೆಲ್ಲ ಇತ್ತ ತಿರುಗಿಸಿ ನಿಂತಿದ್ದಾಳೆ, ಸೆರಗು ಹಿಡಿದ ಕೈ, ಕಿರುಬೆರಳು, ಬುಡದ ತನಕ ಸೀಳಿದ ಉಗುರು, ಉಗುರಿನೊಳಗೆ ಸುಣ್ಣ, ಆ ಉಗುರು, ನಾನು ತುಂಬಿದ ಸುಣ್ಣ, ಆ ಉಗುರು